ಪದ್ಮಿನಿಯಿಂದ ಬಿಚ್ಚಿದ ಇಸಿಎಂ

ದೌಲತಾಬಾದ್ ಎಂದ ಕೂಡಲೇ ತುಘಲಕ್‌ನ ಕೋಟೆ ನೆನಪಿಗೆ ಬಂದರೆ ಅದನ್ನು ಸ್ವಲ್ಪ ಪಕ್ಕಕ್ಕಿಡಿ. ನಾನು ಹೇಳುತ್ತಿರುವುದು ಕೊಡಂಗಲ್ ಮಗ್ಗುಲಿನ ದೌಲತಾಬಾದ್, ಅದರ ಸುತ್ತಿನ ಗಡಿ ಸೀಮೆ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಹೊಸದಾಗಿ ಎಳೆದಾಗ ಕಲಬುರಗಿ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲೂಕುಗಳೂ ಬೀದರ್ ಜಿಲ್ಲೆಯ ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ ಆಂಧ್ರಪ್ರದೇಶಕ್ಕೆ ಹೋದವು. ಈಗ ಈ ಸೀಮೆ ತೆಲಂಗಾಣದಲ್ಲಿದೆ. ಕಡತಗಳು ಹೈದರಾಬಾದಿಗೆ ಹೋದವು, ಬೀಗರು ಬೀದರಿನಲ್ಲಿ ಉಳಿದರು. ಮನೆಮಾತು ಕನ್ನಡವಾಗಿಯೇ ಉಳಿದ ಹಳ್ಳಿಗಳು ಅಲ್ಲಿ ಇಂದಿಗೂ ಇವೆ. ಗಾಡಿಗಳಂತೂ ಎರಡೂ ಕಡೆ ಓಡಾಡುತ್ತವೆ. ಜಹೀರಾಬಾದಿನ ಹೆದ್ದಾರಿ ಬದಿಯಲ್ಲಿ ನಿಂತು ನಂಬರ್ ಪ್ಲೇಟು ಓದಿದರೆ ಈ ಸೀಮೆಯ ಅರ್ಧ ಚರಿತ್ರೆ ಸಿಗುತ್ತದೆ: ಬೀದರಿನ ಕೆಎ 38, ಕಲಬುರಗಿಯ ಕೆಎ 32, ಹಳೇ ಮೆದಕ್ ಜಿಲ್ಲೆಯ ಎಪಿ 23, ಆಮೇಲೆ ಬಂದ ಸಂಗಾರೆಡ್ಡಿಯ ಟಿಎಸ್ 15, 2024ರ ಮಾರ್ಚಿನಿಂದೀಚೆಗೆ ಟಿಜಿ.

ಇಂಥ ಕಡೆ ಹಳೇ ಗಾಡಿಯ ವ್ಯಾಪಾರ, ಬಿಚ್ಚಿದ ಸಾಮಾನಿನ ವ್ಯಾಪಾರ ಹೊಸದೇನಲ್ಲ. ಗೇರ್‌ಬಾಕ್ಸು, ರೇಡಿಯೇಟರು, ಡೈನಮೋ, ಬಾಗಿಲು ಎಲ್ಲವೂ ಕೈ ಬದಲಾಯಿಸುತ್ತವೆ. ಇವತ್ತು ನಾನು ಮಾತಾಡಲು ಹೊರಟಿರುವ ಸಾಮಾನು ಮಾತ್ರ ಬೇರೆ ಜಾತಿಯದು. ಎಂಜಿನ್ ಬದಲಿಸಿದ ಹಳೇ ಕಾರಿನಿಂದ ಬಿಚ್ಚಿದ ಎಲೆಕ್ಟ್ರಾನಿಕ್ ಪೆಟ್ಟಿಗೆ ಅದು. ಮಿಸ್ತ್ರಿಗಳು ಇಸಿಎಂ ಎನ್ನುತ್ತಾರೆ, ಇಂಜಿನಿಯರುಗಳು ಇಸಿಯು ಎನ್ನುತ್ತಾರೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಅಲ್ಯೂಮಿನಿಯಂ ಡಬ್ಬಿ. ಅದನ್ನು ಮಾರುವಾಗ ನಿಜವಾಗಿ ಮಾರುವುದು ಏನನ್ನು ಎಂಬುದೇ ನನ್ನ ಪ್ರಶ್ನೆ.

ಮೊದಲು, ಅದು ಹಳೇ ಕಾರಿನೊಳಗೆ ಸೇರಿಕೊಂಡದ್ದು ಹೇಗೆ ನೋಡೋಣ. ಪ್ರೀಮಿಯರ್ ಪದ್ಮಿನಿಯ ಸ್ವಂತ ಎಂಜಿನ್ 1089 ಸಿಸಿಯದು. ಪೆಟ್ರೋಲು ಎಷ್ಟು ಹೋಗಬೇಕು ಎಂಬುದನ್ನು ಕಾರ್ಬೋರೇಟರಿನ ಹಿತ್ತಾಳೆ ಜೆಟ್ಟಿನ ತೂತು ತೀರ್ಮಾನಿಸುತ್ತದೆ. ಕಿಡಿ ಯಾವಾಗ ಹಾರಬೇಕು ಎಂಬುದನ್ನು ಡಿಸ್ಟ್ರಿಬ್ಯೂಟರಿನೊಳಗಿನ ಸಣ್ಣ ತೂಕಗಳೂ ಸ್ಪ್ರಿಂಗುಗಳೂ ತೀರ್ಮಾನಿಸುತ್ತವೆ. ಪಾಯಿಂಟು ಸುಟ್ಟರೆ ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಹೊರಡಬಹುದು. ಆದರೆ ಈ ಕಾರಿನ ಅಂದಕ್ಕೆ ಮನಸೋತ ಕೆಲವರಿಗೆ ಅದರ ಎಂಜಿನ್ ಸಾಲದು ಅನ್ನಿಸುತ್ತದೆ. ಹೆದ್ದಾರಿಯಲ್ಲಿ ಎಲ್ಲರೂ ಹಾರ್ನ್ ಹೊಡೆದು ಮುಂದೆ ಹೋಗುವಾಗ ಅನ್ನಿಸದೆ ಏನು! ಅಂಥವರು ಮಾರುತಿ ಎಸ್ಟೀಮಿನದೋ ಜಿಪ್ಸಿಯದೋ 1298 ಸಿಸಿ, 16 ವಾಲ್ವಿನ, ಕಾರ್ಬೋರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಕೊಡುವ ಎಂಪಿಎಫ್‌ಐ ಎಂಜಿನ್ ತಂದು ಕೂರಿಸುತ್ತಾರೆ. ಅದರ ಪೆಟ್ರೋಲನ್ನೂ ಕಿಡಿಯನ್ನೂ ನೋಡಿಕೊಳ್ಳುವ ಇಸಿಎಂ ಎಂಜಿನ್ ಜೊತೆಗೆ ಬರಲೇಬೇಕು. ಇನ್ನು ಕೆಲವರು ಕಂಪನಿಯ ಇಸಿಎಂ ಬೇಡವೆಂದು, ಕಂಪ್ಯೂಟರ್‌ಗೆ ಜೋಡಿಸಿ ತಾವೇ ತಿದ್ದಬಹುದಾದ ಸ್ವತಂತ್ರ ಇಸಿಯು ಹಾಕಿಸುತ್ತಾರೆ. ಆಸ್ಟ್ರೇಲಿಯಾದ ಹಾಲ್ಟೆಕ್, ಅಮೆರಿಕದ ಇಬ್ಬರು ಹವ್ಯಾಸಿಗಳು ಶುರುಮಾಡಿದ ಮೆಗಾಸ್ಕ್ವರ್ಟ್, ಅರ್ಡುಯಿನೋ ಬೋರ್ಡಿನ ಮೇಲೆ ನಡೆಯುವ ಸ್ಪೀಡುಯಿನೋ, ಇವೆಲ್ಲ ಆ ಬಗೆಯವು.

ಈ ಕಸುಬಿಗೆ ಬೇಕಾದ ಕೈ ನಮ್ಮ ಸೀಮೆಯಲ್ಲಿ ಇಲ್ಲವೇ ಇಲ್ಲ ಎಂದುಕೊಳ್ಳಬೇಡಿ. ಹೈದರಾಬಾದ್ ಆಲ್ವಿನ್ ಕಂಪನಿ ಜಪಾನಿನ ನಿಸ್ಸಾನ್ ಜೊತೆ ಸೇರಿ ಜಹೀರಾಬಾದಿನಲ್ಲೇ ಸಣ್ಣ ಲಾರಿಗಳನ್ನು ಕಟ್ಟುತ್ತಿತ್ತು. 1989ರಲ್ಲಿ ಅದು ಮಹೀಂದ್ರದ ಕೈಗೆ ಬಂತು, ಈಗ ಅಲ್ಲಿ ಟ್ರ್ಯಾಕ್ಟರುಗಳೂ ತಯಾರಾಗುತ್ತವೆ. ಕಾರ್ಖಾನೆ ಇದ್ದಲ್ಲಿ ಸ್ಪ್ಯಾನರ್ ಹಿಡಿಯುವವರಿಗೆ ಬರವಿಲ್ಲ.

ಎಂಜಿನ್ನಿಗೆ ಎಲೆಕ್ಟ್ರಾನಿಕ್ಸ್ ಬಂದದ್ದು ನಿನ್ನೆ ಮೊನ್ನೆಯಲ್ಲ. ಜರ್ಮನಿಯ ಬಾಷ್ ಕಂಪನಿ 1967ರಲ್ಲೇ ಫೋಕ್ಸ್‌ವ್ಯಾಗನ್ ಕಾರಿಗೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಕೊಟ್ಟಿತ್ತು. ಪೆಟ್ರೋಲನ್ನೂ ಕಿಡಿಯನ್ನೂ ಒಂದೇ ಡಬ್ಬಿ ನೋಡಿಕೊಳ್ಳುವ ಮೋಟ್ರಾನಿಕ್ 1979ರಲ್ಲಿ ಬಿಎಂಡಬ್ಲ್ಯು ಕಾರಿನಲ್ಲಿ ಬಂತು. ಅದೇ ಬಾಷ್‌ನ ಸಂಬಂಧದಲ್ಲಿ 1951ರಲ್ಲಿ ಹುಟ್ಟಿದ್ದು ನಮಗೆಲ್ಲ ಗೊತ್ತಿರುವ ಬೆಂಗಳೂರಿನ ಮೈಕೋ. ಹಳೇ ಮಿಸ್ತ್ರಿಗಳಿಗೆ ಸ್ಪಾರ್ಕ್ ಪ್ಲಗ್ ಎಂದರೆ ಈಗಲೂ ಮೈಕೋ ಪ್ಲಗ್ಗೇ. ಆದರೂ ನಮ್ಮ ಸಾಧಾರಣ ಕಾರುಗಳು ಕಾರ್ಬೋರೇಟರಿನ ಮೇಲೆಯೇ ನಡೆದವು. 1999ರಲ್ಲಿ ಸುಪ್ರೀಂ ಕೋರ್ಟು ದಿಲ್ಲಿ ಸುತ್ತಮುತ್ತ ಮಾರುವ ಕಾರುಗಳಿಗೆ ಹೊಗೆಯ ಮಿತಿ ಬಿಗಿ ಮಾಡಿದ ಮೇಲೆ ಎಂಪಿಎಫ್‌ಐ ಮನೆಮಾತಾಯಿತು. ಆ ಕಾಲದ ಕಾರುಗಳು ಈಗ ಗುಜರಿಗೆ ಬಂದಿವೆ. ಅವುಗಳ ಇಸಿಎಂಗಳು ಹೈದರಾಬಾದಿನ ರಾಣಿಗಂಜ್, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆಗಳಿಂದ ಹಿಡಿದು ತಾಲೂಕು ಗ್ಯಾರೇಜಿನ ಮೂಲೆವರೆಗೂ ಬಿದ್ದಿರುತ್ತವೆ.

ಹಾಗಾದರೆ ಚೆನ್ನಾಗಿ ಓಡುತ್ತಿರುವ ಪದ್ಮಿನಿಯಿಂದ ಇದನ್ನು ಯಾರಾದರೂ ಬಿಚ್ಚಿ ಮಾರುವುದೇಕೆ? ಈಗ ಅದಕ್ಕೊಂದು ಒಳ್ಳೆಯ ಕಾರಣವಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿ ಕಾಪಾಡಿದ ವಾಹನಕ್ಕೆ ವಿಎ ಎಂಬ ಅಕ್ಷರಗಳಿರುವ ಪ್ರತ್ಯೇಕ ಸಂಖ್ಯೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ. ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ದಿನನಿತ್ಯ ಓಡಿಸುವಂತೆಯೂ ಇಲ್ಲ. ಪದ್ಮಿನಿ ಎಂಬ ಹೆಸರು ಹೊತ್ತ ಮೊದಲ ಕಾರುಗಳು 1974ರವು. ಲೆಕ್ಕ ಹಾಕಿ, ಅವು ಐವತ್ತು ದಾಟಿಬಿಟ್ಟಿವೆ. ಅದಕ್ಕೂ ಹಿಂದಿನ ಫಿಯಟ್ 1100ಗಳು ಯಾವತ್ತೋ ದಾಟಿದವು. ಮುಂಬೈಯಲ್ಲಿ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಇಳಿದ ಮೇಲಂತೂ ಉಳಿದ ಒರಿಜಿನಲ್ ಕಾರುಗಳ ಮೇಲೆ ಜನರ ಪ್ರೀತಿ ಜಾಸ್ತಿಯಾಗಿದೆ. ಹೀಗಾಗಿ ಹಿಂದೆ ಮಾರುತಿ ಎಂಜಿನ್ ಹಾಕಿಸಿದವನು ಈಗ ಅದನ್ನು ಇಳಿಸಿ, ಅಟ್ಟದ ಮೇಲಿನ 1089 ಸಿಸಿ ಎಂಜಿನನ್ನು ಹುಡುಕಿ ವಾಪಸು ಕೂರಿಸುವುದರಲ್ಲಿ ಅರ್ಥವಿದೆ. ಇಳಿಸಿದ ಎಂಜಿನ್ ಬೇಗ ಹೋಗುತ್ತದೆ. ಡಬ್ಬಿ ಉಳಿಯುತ್ತದೆ.

ನಮ್ಮ ಕಡೆ ಜನ ವ್ಯಾಪಾರ ಕಲಿತದ್ದು ದನದ ಸಂತೆಯಲ್ಲಿ. ದೇವಣಿ ಎತ್ತು ಕೊಳ್ಳುವವನು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಸುಳಿ ನೋಡುತ್ತಾನೆ, ನೊಗಕ್ಕೆ ಹೆಗಲು ಕೊಡುತ್ತದೋ ಇಲ್ಲವೋ ಪರೀಕ್ಷಿಸುತ್ತಾನೆ. ಆಮೇಲೆ ದಲ್ಲಾಳಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಾನೆ. ದರ ಗುಟ್ಟು, ಎತ್ತು ಬಯಲು. ಇಸಿಎಂ ವ್ಯಾಪಾರದಲ್ಲಿ ಇದು ತಿರುಗುಮುರುಗಾಗಿದೆ. ದರವನ್ನು ಎಲ್ಲರ ಮುಂದೆ ಕೂಗುತ್ತಾರೆ, ಸಾಮಾನಿನ ಗುಣ ಮಾತ್ರ ಮುಚ್ಚಿದ ಡಬ್ಬಿಯೊಳಗೆ. ಹಲ್ಲಿಲ್ಲ, ಸುಳಿಯಿಲ್ಲ. ಅದಕ್ಕೇ ಮಾತು ಹೀಗೆ ನಡೆಯುತ್ತದೆ:

"ಮಾಲು ಚಾಲೂ ಅದ ಏನ್ರೀ?"

"ಚಾಲೂ ಅದ ಅಣ್ಣಾ. ಬಂಗಾರದಂಥಾ ಮಾಲು."

"ಮತ್ತ ಯಾಕ ಮಾರ್ಲಾಕತ್ತೀರಿ?"

ಈ ಮೂರನೆಯ ಮಾತಿಗೆ ಮಾರುವವನು ತಡವರಿಸಿದರೆ ವ್ಯಾಪಾರ ಅಲ್ಲಿಗೇ ಮುಗಿಯಿತು. "ಗಾಡಿ ಒರಿಜಿನಲ್ ಮಾಡ್ಲಾಕತ್ತೀನ್ರೀ, ಎಂಜಿನ್ ಬೀದರದವರು ಒಯ್ದ್ರು, ಇದು ಉಳದದ" ಎಂದು ನೇರವಾಗಿ ಹೇಳುವವನ ಮುಂದೆ ಕೊಳ್ಳುವವನು ಕುರ್ಚಿ ಎಳೆದುಕೊಂಡು ಕೂರುತ್ತಾನೆ.

ಆದರೆ ಬಾಯಿಮಾತು ಸಾಲದು. ಮಾರುವ ಮನಸ್ಸಿದ್ದರೆ ಬಿಚ್ಚುವ ಮೊದಲೇ ಯೋಚಿಸಬೇಕು. ಇಸಿಎಂ ಗಾಡಿಯಲ್ಲಿದ್ದಾಗಲೇ ಕೊಳ್ಳುವವನನ್ನು ಕರೆಯಿರಿ, ತಣ್ಣಗಿರುವ ಎಂಜಿನನ್ನು ಅವನ ಕೈಯಿಂದಲೇ ಸ್ಟಾರ್ಟ್ ಮಾಡಿಸಿ. ಬಿಸಿಯಾದ ಮೇಲೆ ಐಡ್ಲಿಂಗ್ ಇಳಿಯುವುದನ್ನು ಅವನು ನೋಡಲಿ. ಫ್ಯಾನು ತಾನಾಗಿ ತಿರುಗುವುದನ್ನು ನೋಡಲಿ. ಹಳೆಯ ಮಾರುತಿ ಎಂಪಿಎಫ್‌ಐಗಳಲ್ಲಿ ಇನ್ನೂ ಒಂದು ಅನುಕೂಲವಿದೆ. ಡಯಾಗ್ನೋಸಿಸ್ ಸಾಕೆಟ್ಟಿಗೆ ಒಂದು ತುಂಡು ವೈರು ಸರಿಯಾದ ಜಾಗದಲ್ಲಿ ಜೋಡಿಸಿದರೆ ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಮಿಣುಕಿ ಲೆಕ್ಕ ಹೇಳುತ್ತದೆ. ಒಮ್ಮೆ ಮಿಣುಕಿ, ಸ್ವಲ್ಪ ತಡೆದು, ಎರಡು ಸಲ ಮಿಣುಕಿದರೆ ಹನ್ನೆರಡು. ಹನ್ನೆರಡು ಎಂದರೆ ದೋಷವಿಲ್ಲ. ಬೇರೆ ಸಂಖ್ಯೆ ಬಂದರೆ ಯಾವ ಸೆನ್ಸರಿನ ತಕರಾರು ಎಂದು ಪುಸ್ತಕ ನೋಡಿ ತಿಳಿಯಬಹುದು. ಸ್ಕ್ಯಾನರ್ ಬೇಕಿಲ್ಲ, ಕಾಸು ಖರ್ಚಿಲ್ಲ. ಈ ಹನ್ನೆರಡನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಇಟ್ಟುಕೊಂಡವನಿಗೆ ದೂರದ ಊರಿನ ಗಿರಾಕಿಯೂ ಸಿಗುತ್ತಾನೆ.

ಇಸಿಎಂ ಸಾಯುವುದು ಹೇಗೆ ಎಂಬುದನ್ನೂ ಹೇಳಬೇಕು, ಏಕೆಂದರೆ ಈ ಸಾವುಗಳಲ್ಲಿ ಎರಡು ನಮ್ಮ ಕಡೆ ತೀರಾ ಸಾಮಾನ್ಯ. ಒಂದು ವೆಲ್ಡಿಂಗ್. ಜೀಪಿನ ಬಾಡಿಗೋ ಹಳೇ ಕಾರಿನ ತಳಕ್ಕೋ ಆರ್ಕ್ ವೆಲ್ಡಿಂಗ್ ಮಾಡುವಾಗ ಬ್ಯಾಟರಿಯ ನೆಗೆಟಿವ್ ಕಳಚಿ, ಇಸಿಎಂ ಸಾಕೆಟ್ ಬಿಚ್ಚಿಡಬೇಕು. ಟ್ರ್ಯಾಕ್ಟರ್ ಟ್ರೇಲರಿಗೆ ವೆಲ್ಡ್ ಮಾಡಿ ರೂಢಿಯಾದ ಕೈಗೆ ಈ ಅಭ್ಯಾಸ ಇರುವುದಿಲ್ಲ. ಇನ್ನೊಂದು, ಲಾರಿಯಿಂದ ಕರೆಂಟು ಎರವಲು ಪಡೆಯುವುದು. ಕಾರಿನದು 12 ವೋಲ್ಟು, ದೊಡ್ಡ ಲಾರಿಯದು 24. ಬ್ಯಾಟರಿ ಇಳಿದ ಕಾರಿಗೆ ಲಾರಿಯಿಂದ ಕೇಬಲ್ ಕೊಟ್ಟರೆ ಹಳೇ ಪಾಯಿಂಟಿನ ಕಾರು ತಡೆದುಕೊಂಡೀತು, ಇಸಿಎಂ ತಡೆಯಲಿಕ್ಕಿಲ್ಲ. ಮೂರನೆಯದು ನಿಧಾನದ ಸಾವು. ತೊಂಬತ್ತರ ದಶಕದ ಡಬ್ಬಿಗಳ ಒಳಗಿನ ಕೆಪಾಸಿಟರುಗಳು ವಯಸ್ಸಾಗಿ ಸೋರುತ್ತವೆ, ಸೋರಿದ ರಸ ಬೋರ್ಡಿನ ತಾಮ್ರವನ್ನು ತಿನ್ನುತ್ತದೆ. ಮುಚ್ಚಳ ತೆಗೆದರೆ ಮೀನಿನ ವಾಸನೆಯಂಥ ಘಾಟು ಬಂದೀತು. ಬಂದರೆ ಮುಚ್ಚಿಟ್ಟು ಮಾರಬೇಡಿ. ಕೆಪಾಸಿಟರ್ ಬದಲಿಸುವುದು ಟಿವಿ ರಿಪೇರಿಯವನಿಗೂ ಬರುವ ಕೆಲಸ. ತಾಂಡೂರಿನ ಗಾಡಿಗಳಿಗೆ ಇನ್ನೂ ಒಂದು ಕಾಟ. ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಊರಿನ ಧೂಳು ಸಾಕೆಟ್ಟಿನ ಸಂದಿಗೆ ಇಳಿಯುತ್ತದೆ, ಮಳೆಗಾಲದ ತೇವ ಸೇರಿ ಪಿನ್ನುಗಳು ಹಸಿರುಗಟ್ಟುತ್ತವೆ.

ಇಷ್ಟೆಲ್ಲ ಸರಿಯಿದ್ದರೂ ಬರಿಯ ಡಬ್ಬಿಗೆ ಬೆಲೆ ಕಡಿಮೆ. ಅದರ ಬೆಲೆಯ ದೊಡ್ಡ ಪಾಲು ಡಬ್ಬಿಯಲ್ಲಿ ಇಲ್ಲ, ವೈರಿಂಗಿನಲ್ಲಿದೆ. ಗುಜರಿಯವನು ಅವಸರದಲ್ಲಿ ಸಾಕೆಟ್ಟಿನ ಬುಡಕ್ಕೇ ಕಟಿಂಗ್ ಪ್ಲೇಯರ್ ಹಾಕಿ ಕತ್ತರಿಸುತ್ತಾನೆ. ಆಮೇಲೆ ಆ ಇಸಿಎಂ ಕೊಂಡವನು ಹತ್ತಾರು ವೈರುಗಳ ಬಣ್ಣ ಹೊಂದಿಸುತ್ತ ಕೂರಬೇಕು. ನೀಲಿಗೆ ಬಿಳಿ ಗೆರೆ, ಬಿಳಿಗೆ ನೀಲಿ ಗೆರೆ, ಎರಡೂ ಬೇರೆ. ಕ್ರ್ಯಾಂಕ್ ಸೆನ್ಸರಿನ ವೈರು ತಿರುಗುಮುರುಗಾದರೆ ಎಂಜಿನ್ ಸ್ಟಾರ್ಟೇ ಆಗಲಿಕ್ಕಿಲ್ಲ; ಸ್ಟಾರ್ಟ್ ಆದರೂ ಕೆಮ್ಮುತ್ತ ನಡೆದೀತು. ಆದ್ದರಿಂದ ಬಿಚ್ಚುವಾಗ ವೈರಿಂಗನ್ನು ಇಡಿಯಾಗಿ ಬಿಚ್ಚಿ. ಇಡಿಯಾಗಿ ಆಗದಿದ್ದರೆ ಸಾಕೆಟ್ಟಿನಿಂದ ಒಂದು ಮೊಳವಾದರೂ ಉಳಿಸಿ. ಪ್ರತಿ ತುದಿಗೂ ಬಿಳಿ ಟೇಪು ಸುತ್ತಿ ಬರೆಯಿರಿ: ಇದು ಥ್ರಾಟಲ್ಲಿಗೆ, ಇದು ಮೊದಲನೇ ಇಂಜೆಕ್ಟರಿಗೆ, ಇದು ಪಂಪ್ ರಿಲೇಗೆ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ, ಉರ್ದುವಿನಲ್ಲಿ ಬರೆದರೂ ನಡೆಯುತ್ತದೆ. ಜಹೀರಾಬಾದಿನಲ್ಲಿ ಎರಡನ್ನೂ ಓದುವವರು ಸಿಗುತ್ತಾರೆ. ಬರೆಯದಿರುವುದು ಮಾತ್ರ ನಡೆಯುವುದಿಲ್ಲ. ಬಾಲ್ ಪೆನ್ ಬೇಡ, ಎಣ್ಣೆಗೆ ಅಳಿಸಿಹೋಗುತ್ತದೆ.

ಇಸಿಎಂ ಜೊತೆಗೆ ಅದರ ಬಳಗವೂ ಹೋಗಲಿ. ಒಳಗಿನ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರು, ನೀರಿನ ಬಿಸಿ ನೋಡುವ ಸೆನ್ಸರು, ಥ್ರಾಟಲ್ ಬಾಡಿ, ಆಕ್ಸಿಜನ್ ಸೆನ್ಸರು, ಇಗ್ನಿಷನ್ ಕಾಯಿಲು, ರಿಲೇಗಳು. ಅವೆಲ್ಲ ಒಂದನ್ನೊಂದು ತಿಳಿದ ಸಾಮಾನು. ಪೆಟ್ರೋಲ್ ಪಂಪನ್ನು ಮರೆಯಬೇಡಿ. ಕಾರ್ಬೋರೇಟರಿಗೆ ಸಾಲುವ ಒತ್ತಡ ಇಂಜೆಕ್ಟರಿಗೆ ಏನೇನೂ ಸಾಲದು. ಇಂಜೆಕ್ಟರಿಗೆ ಸುಮಾರು ಮೂರು ಬಾರ್ ಬೇಕು. ಅಷ್ಟು ಒತ್ತಡಕ್ಕೆ ಪದ್ಮಿನಿಯ ಹಳೇ ರಬ್ಬರ್ ಪೈಪು ಹರಿದರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಎರಚುತ್ತದೆ. ಕೊಳ್ಳುವವನಿಗೆ ಈ ಒಂದು ಮಾತು ಹೇಳದೆ ಕಳಿಸುವ ಮಾರಾಟಗಾರ ನನ್ನ ಮಟ್ಟಿಗೆ ಒಳ್ಳೆಯ ಮನುಷ್ಯನಲ್ಲ.

ಡಬ್ಬಿಯ ಮೇಲಿನ ಚೀಟಿಯ ಸಂಖ್ಯೆಯನ್ನು ಉಜ್ಜಿ ತೆಗೆಯಬೇಡಿ. ಮಾರುತಿ ಸುಜುಕಿ ಇಸಿಎಂಗಳ ಭಾಗಸಂಖ್ಯೆ 33920 ಎಂದು ಶುರುವಾಗುತ್ತದೆ. ಅದರ ಮುಂದಿನ ಅಂಕಿ ಅಕ್ಷರಗಳೇ ಇದು ಯಾವ ಗಾಡಿಯದು ಎಂದು ಹೇಳುವುದು. ಹೊರಗಿನಿಂದ ಒಂದೇ ತೆರನಾಗಿ ಕಾಣುವ, ಸಾಕೆಟ್ ಕೂಡ ಹೊಂದುವ ಎರಡು ಡಬ್ಬಿಗಳು ಒಳಗೆ ಬೇರೆಯಾಗಿರಬಹುದು. ಸ್ವಲ್ಪ ಈಚಿನ ಮಾರುತಿಗಳಲ್ಲಿ ಐಕ್ಯಾಟ್ಸ್ ಎಂಬ ಕಳ್ಳತನ ತಡೆ ಬಂತು. ಬೀಗದ ಕೈಯೊಳಗಿನ ಚಿಪ್ಪು ಇಸಿಎಂಗೆ ಗುರುತು ಹೇಳಿದರೆ ಮಾತ್ರ ಎಂಜಿನ್ ನಡೆಯುತ್ತದೆ. ಅಂಥ ಇಸಿಎಂ ಮಾರುವಾಗ ಕೀಲಿಯನ್ನೂ, ಕೀಲಿ ಹಾಕುವ ಜಾಗದ ಸುತ್ತಲಿನ ಸುರುಳಿಯನ್ನೂ, ಆ ಕಳ್ಳತನ ತಡೆಯ ಡಬ್ಬಿಯನ್ನೂ ಸೇರಿಸಿ ಕೊಡಬೇಕು. ಕೀಲಿ ಇಲ್ಲದ ಇಸಿಎಂ ಮಾರಲು ಬಂದವನನ್ನು ಸ್ವಲ್ಪ ಅನುಮಾನದಿಂದ ನೋಡಿದರೆ ತಪ್ಪಿಲ್ಲ. ಲಾರಿ, ವ್ಯಾನುಗಳ ಇಸಿಎಂ ಕದಿಯುವ ಗುಂಪುಗಳು ದಿಲ್ಲಿ ಕಡೆ ಸಿಕ್ಕಿಬಿದ್ದ ಸುದ್ದಿ ಆಗಾಗ ಬಂದಿದೆ. ಕದ್ದದ್ದೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಅಪರಾಧ, ಮೂರು ವರ್ಷದವರೆಗೆ ಸಜೆ. ಹಾಗಾಗಿ ಮಾರುವವರು ಒಂದು ಬಿಳಿ ಹಾಳೆಯ ಮೇಲೆ ತಮ್ಮ ಹೆಸರು, ಇಸಿಎಂ ಯಾವ ಗಾಡಿಯಿಂದ ಬಂತು, ಭಾಗಸಂಖ್ಯೆ, ತಾರೀಖು ಬರೆದು ಸಹಿ ಹಾಕಿ ಕೊಡಲಿ. ಗಡಿ ದಾಟಿ ಹೋಗುವ ಸಾಮಾನಿಗೆ ಈ ಕಾಗದ ಇನ್ನೂ ಮುಖ್ಯ.

ಕಾನೂನಿನ ಮಾತು ಬಂತಲ್ಲ, ಕೊಳ್ಳುವವನಿಗೂ ಒಂದು ಎಚ್ಚರಿಕೆ. ನೀವು ಈ ಸೆಟ್ಟನ್ನು ಇನ್ನೊಂದು ಹಳೇ ಕಾರಿಗೆ ಹಾಕಲು ಒಯ್ಯುತ್ತಿದ್ದರೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಓದಿ. ತಯಾರಕರು ಕೊಟ್ಟ ವಿವರಕ್ಕೆ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಎಂದಾಗಿದೆ. ಆರ್‌ಸಿಯಲ್ಲಿ ಫಿಯಟ್ ಎಂಜಿನ್ ನಂಬರು, ಬಾನೆಟ್ ಎತ್ತಿದರೆ ಮಾರುತಿ! ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದು ಇದನ್ನೇ. ಎಸ್ಟೀಮ್ ಇಸಿಎಂ ಸತ್ತುಹೋಗಿರುವ ಎಸ್ಟೀಮಿನವನಿಗೆ ಮಾರಿದರೆ ಈ ತಲೆನೋವೇ ಇಲ್ಲ. ನನ್ನನ್ನು ಕೇಳಿದರೆ ಮೊದಲು ಅಂಥ ಗಿರಾಕಿಯನ್ನೇ ಹುಡುಕಿ.

ಸ್ವತಂತ್ರ ಇಸಿಯು ಮಾರುವವರಿಗೆ ಇನ್ನೊಂದು ಜವಾಬ್ದಾರಿ ಇದೆ. ಅದರೊಳಗೆ ಒಂದು ಲೆಕ್ಕದ ಪಟ್ಟಿ ಇರುತ್ತದೆ, ಟ್ಯೂನ್ ಮಾಡುವವರು ಮ್ಯಾಪ್ ಎನ್ನುತ್ತಾರೆ. ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ, ಅದರ ಮೇಲೆ ಎಷ್ಟು ಹೊರೆ ಇದೆ, ಆಗ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು, ಕಿಡಿ ಎಷ್ಟು ಡಿಗ್ರಿ ಮುಂಚೆ ಹಾರಬೇಕು ಎಂದು ನೂರಾರು ಚೌಕಗಳಲ್ಲಿ ಬರೆದ ಪಟ್ಟಿ. ಅದನ್ನು ಪೆನ್‌ಡ್ರೈವಿಗೆ ಹಾಕಿ ಕೊಡಿ, ಜೊತೆಗೆ ಅದು ಯಾವ ಎಂಜಿನ್ನಿಗೆ, ಯಾವ ಇಂಜೆಕ್ಟರಿಗೆ, ಯಾವ ಪೆಟ್ರೋಲಿಗೆ ಮಾಡಿದ್ದು ಎಂದು ಬರೆದು ಕೊಡಿ. ಆ ಕೊನೆಯದು ಈಗ ಬಹಳ ಮುಖ್ಯ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಇ20 ಪೆಟ್ರೋಲನ್ನು ಬಿಡುಗಡೆ ಮಾಡಿದರು. ನೂರರಲ್ಲಿ ಇಪ್ಪತ್ತು ಪಾಲು ಎಥೆನಾಲ್. ಈಗ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲು ಅದೇ. ಜಹೀರಾಬಾದಿನ ಕಬ್ಬು ಬೆಳೆಗಾರರಿಗೆ ಅದು ಖುಷಿಯ ಸುದ್ದಿ ಇರಬಹುದು, ಹಳೇ ಮ್ಯಾಪಿಗೆ ಅಲ್ಲ. ಬೆರಕೆಯಿಲ್ಲದ ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಇ20ಗೆ ಸುಮಾರು 13.5 ಸಾಕು. ಅಂದರೆ ಅದೇ ಗಾಳಿಗೆ ಇಂಧನ ಹೆಚ್ಚು ಕೊಡಬೇಕು. ಹಳೇ ಮ್ಯಾಪ್ ಅಷ್ಟು ಕೊಡುವುದಿಲ್ಲ; ಆಕ್ಸಿಜನ್ ಸೆನ್ಸರ್ ನಿಧಾನದ ಓಟದಲ್ಲಿ ತಿದ್ದಿಕೊಂಡರೂ, ಆಕ್ಸಿಲೇಟರ್ ಪೂರ್ತಿ ಒತ್ತಿದಾಗ ಪಟ್ಟಿಯಲ್ಲಿ ಇದ್ದಷ್ಟೇ ಹೋಗುತ್ತದೆ. ಇಂಧನ ಕೊರತೆಯಾದ ಮಿಶ್ರಣದಲ್ಲಿ ಕಿಡಿಯ ಲೆಕ್ಕವೂ ಇನ್ನೊಂದು ಎಂಜಿನ್ನಿನದಾದರೆ ಪಿಸ್ಟನ್ನಿಗೇ ಕುತ್ತು. ಆದ್ದರಿಂದ ಪೆನ್‌ಡ್ರೈವಿನ ಮೇಲೆ ಚೀಟಿ ಅಂಟಿಸಿ: ಎಂಜಿನ್ ಸ್ಟಾರ್ಟ್ ಮಾಡಲು ಮಾತ್ರ, ಓಡಿಸುವ ಮೊದಲು ಹೊಸದಾಗಿ ಟ್ಯೂನ್ ಮಾಡಿಸಿ.

ದರ ಎಷ್ಟು ಎಂದು ಕೇಳುವವರಿಗೆ ನಾನು ರೂಪಾಯಿ ಹೇಳಲಾರೆ, ಅದು ಮಾದರಿಯ ಮೇಲೂ ಗರಜಿನ ಮೇಲೂ ಹೋಗುತ್ತದೆ. ಒಂದಂತೂ ನಿಜ. ಬುಡ ಕತ್ತರಿಸಿದ ಡಬ್ಬಿಯನ್ನು ಗುಜರಿಯವನು ಕೇಳಿದ ದರಕ್ಕೆ ಕೊಡಬೇಕಾಗುತ್ತದೆ. ವೈರಿಂಗ್, ಸೆನ್ಸರು, ಕೀಲಿ, ಕಾಗದ ಎಲ್ಲ ಇರುವ ಸೆಟ್ಟಿಗೆ ಮಾರುವವನೇ ದರ ಹೇಳಬಹುದು. ಸೆಟ್ಟಿನಿಂದ ಒಂದೊಂದೇ ಸೆನ್ಸರು ಕಿತ್ತು ಬೇರೆ ಬೇರೆ ಮಾರಿದರೆ ಹೆಚ್ಚು ಹುಟ್ಟುತ್ತದೆ ಎಂದು ಕೆಲವರ ಲೆಕ್ಕ. ಮೊದಲ ಎರಡು ಸಾಮಾನು ಹೋಗುತ್ತವೆ, ಮಿಕ್ಕದ್ದು ಡಬ್ಬಿಯ ಜೊತೆಗೇ ಧೂಳು ತಿನ್ನುತ್ತದೆ.

ಕಳಿಸುವಾಗ ಥರ್ಮಕೋಲ್ ಚೂರುಗಳ ನಡುವೆ ನೇರವಾಗಿ ಇಡಬೇಡಿ. ಅದರ ತಿಕ್ಕಾಟಕ್ಕೆ ಹುಟ್ಟುವ ಸ್ಥಿರ ವಿದ್ಯುತ್ತು ಒಳಗಿನ ಚಿಪ್ಪಿಗೆ ಒಳ್ಳೆಯದಲ್ಲ. ಕಂಪ್ಯೂಟರ್ ಬಿಡಿಭಾಗ ಬರುವ ಬೂದು ಬಣ್ಣದ ಹೊಳಪಿನ ಚೀಲ ಯಾವುದೇ ಕಂಪ್ಯೂಟರ್ ಅಂಗಡಿಯಲ್ಲಿ ಸಿಗುತ್ತದೆ. ಪಿನ್ನುಗಳನ್ನು ಬೆರಳಿನಿಂದ ಮುಟ್ಟದೆ ಅದರಲ್ಲಿ ಹಾಕಿ, ಮೇಲೆ ದಪ್ಪ ರಟ್ಟು. ಬಸ್ಸಿನ ಪಾರ್ಸೆಲ್ಲಿನಲ್ಲಿ ಕಳಿಸುವುದಾದರೆ ಟಾಪಿನ ಮೇಲೆ ಬೇಡವೆಂದು ಹೇಳಿ.

ಇನ್ನು ಪರೀಕ್ಷೆಯಲ್ಲಿ ಸತ್ತದ್ದೇ ಎಂದು ಖಾತ್ರಿಯಾದ ಇಸಿಎಂ. ಅದನ್ನು ಚಾಲೂ ಮಾಲಿನ ಜೊತೆ ಸೇರಿಸದೆ, ಕೆಟ್ಟದ್ದು ಎಂದೇ ಬರೆದು ಮಾರಿ. ಕೊಳ್ಳುವವರು ಇದ್ದಾರೆ. ರಿಪೇರಿ ಮಾಡುವವನಿಗೆ ಅದರ ಸಾಕೆಟ್ಟು ಬೇಕು, ಒಳಗಿನ ಡ್ರೈವರ್ ಚಿಪ್ಪು ಬೇಕು, ಬಾಗದ ಮುಚ್ಚಳ ಬೇಕು. ಅವನಿಗೂ ಬೇಡವಾದರೆ ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ. ಬೋರ್ಡಿನಲ್ಲಿ ಸೀಸದ ಬೆಸುಗೆ ಇರುತ್ತದೆ, ತಿಪ್ಪೆಗೆ ಎಸೆದು ಸುಡಬೇಡಿ. ಕೊಡುವ ಮುನ್ನ ಸಾಕೆಟ್ಟನ್ನು ಮಾತ್ರ ಬಿಚ್ಚಿಟ್ಟುಕೊಳ್ಳಿ. ಬುಡಕ್ಕೇ ಕತ್ತರಿಸಿದ ವೈರಿಂಗ್ ಹಿಡಿದು ಯಾರಾದರೂ ಬಂದಾಗ ಅದೇ ಬೇಕಾಗುತ್ತದೆ.